ವೀರರ ದಫ್ತರು

ಕಾಗದವೊಂದು ಕೈಗೆ ಸಿಕ್ಕಿದರೆ ಅದಕ್ಕೆ ನಂಬರು ಹಾಕಿ, ತೂತು ಕೊರೆದು, ಟ್ಯಾಗು ಪೋಣಿಸಿ ಕಡತಕ್ಕೆ ಸೇರಿಸುವವರೆಗೆ ನಮಗೆ ಸಮಾಧಾನವಿಲ್ಲ. ಬಿ.ಎ. ಮುಗಿಸಿ ಸರ್ಕಾರಿ ಕಚೇರಿ ಸೇರಿ ಹನ್ನೊಂದು ವರ್ಷವಾಯಿತು. ರೋಗ ಈಗ ಮೂಳೆಗಿಳಿದಿದೆ. ಹಾಲಿನ ಲೆಕ್ಕದ ಚೀಟಿಗೂ ನಾವು ಪುಟಸಂಖ್ಯೆ ಹಾಕುತ್ತೇವೆಂದು ನಮ್ಮ ಮನೆಯಾಕೆ ಕಂಡಕಂಡವರ ಮುಂದೆ ಹೇಳುತ್ತಾಳೆ. ಸುಳ್ಳಲ್ಲ. ಈ ಗುಣದಿಂದ ನಮಗೊಂದು ಪದವಿ ದೊರೆಯಿತು. ಇದೇ ಗುಣದಿಂದ ಒಂದು ಹುಡುಗಿಯ ಮನಸ್ಸನ್ನೂ ನೋಯಿಸಿದೆವು. ಎರಡನ್ನೂ ಹೇಳಿಬಿಡುತ್ತೇವೆ.

ವಿಶಾಖಪಟ್ಟಣದಲ್ಲಿದ್ದಾಗ ಭಾನುವಾರ ಮಧ್ಯಾಹ್ನ ಸೀತಮ್ಮಧಾರದ ಒಂದು ಕನ್ನಡದ ಮನೆಯ ಮಹಡಿಯ ಮೇಲೆ ಐವರ ಕೂಟ ಸೇರುತ್ತಿತ್ತು. ಮನೆಯ ಯಜಮಾನರು ಬ್ಯಾಂಕಿನವರು; ಹತ್ತನೆಯ ತರಗತಿಯಲ್ಲಿ ಓದುವ ಅವರ ಮಗಳು; ಉಕ್ಕಿನ ಕಾರ್ಖಾನೆಯ ಎಂಜಿನಿಯರೊಬ್ಬರು; ಧಾರವಾಡದ ಕಡೆಯ ಟೀಚರಮ್ಮ; ಮತ್ತು ನಾವು. ಸೇರುತ್ತಿದ್ದುದು ಇಸ್ಪೀಟಿಗಲ್ಲ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟಕ್ಕೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಹೊರಬಂದದ್ದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೂಡಿದ್ದು.

ಹೆಸರು ಕೇಳಿ ಬೆದರಬೇಕಾಗಿಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಕಡೆಯ ವಾಚಕರಿಗೆ ತಾಳಮದ್ದಳೆ ಗೊತ್ತೇ ಇದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತಲ್ಲೇ ಕರ್ಣನಾಗಿ, ಕೃಷ್ಣನಾಗಿ ಆಶುವಾಗಿ ಮಾತನಾಡುತ್ತಾರೆ. ಇಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಎಂಜಿನಿಯರು ನಮ್ಮ ಸೂತ್ರಧಾರರು. “ಕಾಡಿನ ದಾರಿ, ಕತ್ತಲಾಗಿದೆ, ಎದುರಿಗೆ ಮುರುಕು ಸೇತುವೆ, ಏನು ಮಾಡುತ್ತೀರಿ?” ಎನ್ನುತ್ತಾರೆ. ಒಬ್ಬೊಬ್ಬರೂ ತಮ್ಮ ಪಾತ್ರವಾಗಿ ಉತ್ತರ ಹೇಳಬೇಕು. ಆಗುವುದೋ ಹೋಗುವುದೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ತಾಳಮದ್ದಳೆಯ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ಅವನ ರಥದ ಗಾಲಿ ನೆಲಕ್ಕೆ ಇಳಿಯಲೇಬೇಕು. ಅದನ್ನು ಕವಿ ಮೊದಲೇ ಬರೆದಿಟ್ಟಿದ್ದಾನೆ. ನಮ್ಮ ವೀರರ ಕಥೆಯನ್ನು ಯಾವ ಕವಿಯೂ ಬರೆದಿಲ್ಲ. ಅವರ ಬಾಳೆಲ್ಲ ಇರುವುದು ತಲೆಗೊಂದರಂತೆ ಒಂದು ಹಾಳೆಯಲ್ಲಿ. ಹಾಳೆ ಹೋದರೆ ವೀರನೂ ಹೋದ.

ಆ ಹಾಳೆಯನ್ನು ಮೊದಲ ಸಲ ಕಂಡಾಗ ನಮಗೆ ತವರುಮನೆ ಕಂಡಂತಾಯಿತು. ಎಲ್ಲಿ ನೋಡಿದರೂ ಕಾಲಮ್ಮುಗಳು! ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣ. ನಾಲ್ಕು ದಾಳ ಎಸೆದು, ತೀರ ಕಡಿಮೆಯದನ್ನು ಬಿಟ್ಟು, ಮಿಕ್ಕ ಮೂರನ್ನು ಕೂಡಿದರೆ ಒಂದು ಗುಣದ ಅಂಕ. ಹೀಗೆ ಆರು ಸಲ. ಸಾಮಾನ್ಯ ಮನುಷ್ಯನಿಗೆ 10 ಅಥವಾ 11. ಆಮೇಲೆ ಪ್ರಾಣದ ಅಂಕ, ಆಯುಧಗಳು, ಚಿನ್ನದ ನಾಣ್ಯ, ಬತ್ತಳಿಕೆಯ ಬಾಣ. ಅನುಭವದ ಅಂಕ 300 ಆದರೆ ಎರಡನೆಯ ಮಟ್ಟ, 900 ಆದರೆ ಮೂರನೆಯದು; ಹೀಗೆ ಇಪ್ಪತ್ತರವರೆಗೆ ಬಡ್ತಿ. ಬಡ್ತಿಯ ವಿಷಯದಲ್ಲಿ ರಾಕ್ಷಸರ ಕಾಡು ನಮ್ಮ ಇಲಾಖೆಗಿಂತ ವಾಸಿ.

ಆದರೆ ಹಾಳೆಗಳ ಅವಸ್ಥೆ ಕೇಳಬಾರದು. ಎಂಜಿನಿಯರು ಬರೆದುಕೊಟ್ಟ ಒಂದು ಹಾಳೆ ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹೋಗಿ ಹಿಟ್ಟಾಯಿತು. ಇನ್ನೊಂದರಲ್ಲಿ ಟೀಚರಮ್ಮನವರ ಮನೆಯ ಚಕ್ಕುಲಿ ಪೊಟ್ಟಣವಾಗಿ ಬಂತು. ಬ್ಯಾಂಕಿನವರು ಹಾಳೆ ಮರೆತು ಬಂದ ದಿನಗಳಲ್ಲಿ ಅವರ ವೀರನ ಪ್ರಾಣ ಬಾಯಿಲೆಕ್ಕದಲ್ಲಿ ನಡೆಯುತ್ತಿತ್ತು; ವಾರ ವಾರಕ್ಕೆ ಅದು ಬಡ್ಡಿ ಸಮೇತ ಬೆಳೆಯುತ್ತಿತ್ತು. ಕೊನೆಗೆ ಎಲ್ಲರೂ ಸೇರಿ ನಮ್ಮನ್ನು ದಫ್ತರಿನ ಅಧಿಕಾರಿಯಾಗಿ ನೇಮಿಸಿದರು. ಸಂಬಳವಿಲ್ಲ, ಕಾಫಿ ಉಂಟು.

ನಾವು ಮಾಡಿದ ಏರ್ಪಾಡು ಇಂಥ ಕೂಟಗಳಿಗೆ ಇಂದಿಗೂ ಉಪಯೋಗಕ್ಕೆ ಬಂದೀತು. ಬದಲಾಗದ ಸಂಗತಿ ಮಸಿಯಲ್ಲಿ. ಪ್ರಾಣ, ಬಾಣ, ನಾಣ್ಯದಂಥವು ಸೀಸದಕಡ್ಡಿಯಲ್ಲಿ. ಪ್ರತಿ ಆಟದ ಕೊನೆಯಲ್ಲಿ ತಾರೀಖು. ಅನುಭವದ ಅಂಕ ಎಲ್ಲಿಂದ ಬಂತೆಂದು ಒಂದು ಸಾಲು. ತಿದ್ದಿದರೆ ಉಜ್ಜಬಾರದು, ಗೀಟು ಎಳೆದು ಪಕ್ಕದಲ್ಲಿ ಬರೆಯಬೇಕು. ಹಾಳೆಗಳೆಲ್ಲ ಒಂದು ಹಸಿರು ಕಡತದಲ್ಲಿ, ಕಡತ ನಮ್ಮ ಮನೆಯ ಬೀರುವಿನಲ್ಲಿ. ಎರಡು ವರ್ಷ ಜಗಳವಿಲ್ಲದೆ ನಡೆಯಿತು.

ಅಷ್ಟರಲ್ಲಿ ನಮಗೆ ವಿಜಯವಾಡಕ್ಕೆ ವರ್ಗವಾಯಿತು. ಸುಮಾರು 350 ಕಿಲೋಮೀಟರು. ಅಧಿಕಾರ ಒಪ್ಪಿಸುವಾಗ ದಫ್ತರು ಚೊಕ್ಕಟವಾಗಿರಬೇಡವೇ? ಕಲೆ ಬಿದ್ದ, ಅಂಚು ಹರಿದ ಹಾಳೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಹೊಡೆದು ಅಚ್ಚು ತೆಗೆದೆವು. ಹಳೆಯವನ್ನು ಹರಿದು ಬುಟ್ಟಿಗೆ ಹಾಕಿದೆವು. ಹೊಸ ಕಡತವನ್ನು ಮೇಜಿನ ಮೇಲಿಟ್ಟು, ಹೊಗಳಿಕೆಗಾಗಿ ಕಾದು ಕುಳಿತೆವು.

ಹುಡುಗಿಯ ಪಾತ್ರದ ಹೆಸರು ಗುಬ್ಬಿ. ಕೋಟೆ ಗೋಡೆ ಹತ್ತುವ ಕಳ್ಳಿ. ಬಲ 8, ಚುರುಕು 17. ಅವಳು ಹೊಸ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಮಾಮ, ನನ್ನ ಹಾಳೆ ಎಲ್ಲಿ?”

“ಇದೇ ಅಲ್ಲವೇನಮ್ಮ? ಒಂದು ಅಂಕವೂ ತಪ್ಪಿಲ್ಲ.”

“ಅಂಚಿನಲ್ಲಿ ಬರೆದಿದ್ದೆನಲ್ಲ, ಅದು?”

ಅಂಚಿನ ಬರಹ ನಮ್ಮ ಕಣ್ಣಿಗೆ ಗೀಚಾಟವಾಗಿತ್ತು. ಅದಕ್ಕೆ ಕಾಲಮ್ಮಿರಲಿಲ್ಲ. ಎರಡು ವರ್ಷದಲ್ಲಿ ಗುಬ್ಬಿ ಯಾರಿಗೆ ಮಾತು ಕೊಟ್ಟಳು, ಯಾರನ್ನು ನಂಬಬಾರದು, ಯಾವ ಊರಿನಲ್ಲಿ ಅತ್ತಳು ಎಂಬುದೆಲ್ಲ ಆ ಅಂಚಿನಲ್ಲಿತ್ತು. ಮೂಲೆಯಲ್ಲಿ ಗುಬ್ಬಿ ಸಾಕಿದ ಕುಂಟು ಕಾಗೆಯ ಚಿತ್ರವಿತ್ತು. ಹರಿದು ಹಾಕಿದೆವೆಂದು ಹೇಳಲೇಬೇಕಾಯಿತು. “ಆಟಕ್ಕೆಲ್ಲ ಹೀಗೆ ಮುಖ ಊದಿಸಿಕೊಳ್ಳಬಾರದು” ಎಂದರು ಅವರ ತಂದೆ. ಹುಡುಗಿ ಮುಖ ಊದಿಸಿಕೊಳ್ಳಲಿಲ್ಲ. “ಇದು ಗುಬ್ಬಿ ಅಲ್ಲ ಮಾಮ” ಎಂದಷ್ಟೇ ಹೇಳಿ ಒಳಗೆ ಹೋದಳು. ಆ ದಿನ ಆಟ ನಡೆಯಲಿಲ್ಲ. ಮುಂದಿನ ವಾರಗಳಲ್ಲೂ ಅವಳು ಮಹಡಿ ಹತ್ತಲಿಲ್ಲವೆಂದು ವಿಜಯವಾಡದಲ್ಲಿ ಕೇಳಿದೆವು.

ವಿಜಯವಾಡದಲ್ಲಿ ಇಂದ್ರಕೀಲಾದ್ರಿ ಇದೆ. ಅರ್ಜುನನಿಗೆ ಪಾಶುಪತಾಸ್ತ್ರ ದೊರೆತದ್ದು ಇಲ್ಲೇ ಎಂದು ಊರವರ ನಂಬಿಕೆ. ಸಂಜೆ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ಆ ಬೆಟ್ಟವನ್ನು ನೋಡುವಾಗ ನಮಗೆ ಒಂದೇ ಯೋಚನೆ: ಅರ್ಜುನನ ಹಾಳೆ ನಮ್ಮ ಕೈಯಲ್ಲಿದ್ದಿದ್ದರೆ ಏನು ಬರೆಯುತ್ತಿದ್ದೆವು? ‘ಅಸ್ತ್ರ, ಒಂದು’ ಎಂದು ಬರೆದು, ತಪಸ್ಸು ಮಾಡಿದ್ದನ್ನೂ ಬೇಡನೊಡನೆ ಹೋರಾಡಿದ್ದನ್ನೂ ಬುಟ್ಟಿಗೆ ಹಾಕುತ್ತಿದ್ದೆವು.

ಕಣ್ಣು ತೆರೆಸಿದವನು ಕಚೇರಿಯ ಒಬ್ಬ ಹಿರಿಯ ಅಟೆಂಡರು. ಸರ್ವಿಸ್ ರಿಜಿಸ್ಟರನ್ನು ವರ್ಷಕ್ಕೊಮ್ಮೆ ನೌಕರನಿಗೆ ತೋರಿಸಿ, ನೋಡಿದ್ದೇನೆಂದು ರುಜು ಪಡೆಯಬೇಕೆಂಬುದು ಹಳೆಯ ಕ್ರಮ. ಸಾಮಾನ್ಯವಾಗಿ ಎಲ್ಲರೂ ಗಡಿಬಿಡಿಯಲ್ಲಿ ರುಜು ಗೀಚಿ ಹೋಗುತ್ತಾರೆ. ಈತ ಕುಳಿತು, ಕನ್ನಡಕ ಒರೆಸಿಕೊಂಡು, ಮೊದಲ ಪುಟದಿಂದ ಓದಿದ. ಕೆಲಸಕ್ಕೆ ಸೇರಿದ ದಿನದ ನಮೂದಿನ ಮೇಲೆ ಬೆರಳಿಟ್ಟು, “ಆ ದಿನ ನಮ್ಮಪ್ಪ ಕಚೇರಿ ಬಾಗಿಲವರೆಗೆ ಬಂದಿದ್ದರು ಬಾಬೂ” ಎಂದು ತೆಲುಗಿನಲ್ಲಿ ಹೇಳಿ ರುಜು ಹಾಕಿದ.

ನಮಗೆ ನಾಚಿಕೆಯಾಯಿತು. ಪುಸ್ತಕವನ್ನು ಇಡುವವನು ನಾವು. ಪುಸ್ತಕದೊಳಗಿನ ಬಾಳು ಅವನದು. ಕಚೇರಿಯಲ್ಲಿ ಹನ್ನೊಂದು ವರ್ಷ ಪಾಲಿಸಿದ ಕ್ರಮವನ್ನು ಒಂದು ಮಗುವಿನ ವಿಷಯದಲ್ಲಿ ಮರೆತಿದ್ದೆವು. ಅವಳಿಗೆ ತೋರಿಸಿ, ಒಪ್ಪಿಗೆ ಕೇಳಿ, ಆಮೇಲೆ ಹರಿಯಬಹುದಾಗಿತ್ತು. ಕೇಳಿದ್ದರೆ ಹರಿಯುತ್ತಲೇ ಇರಲಿಲ್ಲ.

ಮುಂದಿನ ಶನಿವಾರ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದೆವು. ಭಾನುವಾರ ಹುಡುಗಿಯ ಮುಂದೆ ತಪ್ಪಾಯಿತೆಂದು ಒಪ್ಪಿಕೊಂಡೆವು. ದೊಡ್ಡವರು ಹಾಗೆನ್ನುವುದು ಅವಳಿಗೆ ಹೊಸದಾಗಿತ್ತೋ ಏನೋ, ಸುಮ್ಮನೆ ಬಂದು ಕುಳಿತಳು. ಅಂಚು ಅಗಲವಾಗಿ ಬಿಟ್ಟ ಖಾಲಿ ಹಾಳೆಯೊಂದನ್ನು ನಡುವೆ ಇಟ್ಟೆವು. ಗುಬ್ಬಿಯ ವಿಷಯ ಯಾರಿಗೆ ಏನು ನೆನಪಿದೆಯೋ ಅವರು ತಮ್ಮ ಕೈಯಲ್ಲೇ ಬರೆಯಬೇಕು. ದೋಣಿಗಟ್ಟೆಯ ಮುದುಕಿಗೆ ಮಗನನ್ನು ಹುಡುಕಿ ತರುವೆನೆಂದು ಗುಬ್ಬಿ ಮಾತು ಕೊಟ್ಟದ್ದು ಟೀಚರಮ್ಮನವರಿಗೆ ನೆನಪಿತ್ತು. ಒಕ್ಕಣ್ಣಿನ ವ್ಯಾಪಾರಿಯ ಮೋಸ ಎಂಜಿನಿಯರಿಗೆ. ಆಟವೆಂದು ಹಗುರವಾಗಿ ಮಾತಾಡಿದ್ದ ತಂದೆಯೇ, ಸುಟ್ಟುಹೋದ ಹಳ್ಳಿಯಲ್ಲಿ ಗುಬ್ಬಿ ತನ್ನ ಪಾಲಿನ ನಾಣ್ಯವನ್ನೆಲ್ಲ ಬಿಟ್ಟು ಬಂದದ್ದನ್ನು ಬರೆದರು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು. ಕೆಲವು ಮಾತುಗಳು ಯಾರಿಗೂ ನೆನಪಾಗಲಿಲ್ಲ. ಅವು ಹೋದಂತೆಯೇ ಸರಿ.

ಅಂದಿನಿಂದ ಕ್ರಮ ಬದಲಾಯಿತು. ಮೂಲ ಹಾಳೆ ಆಟಗಾರನ ಬಳಿ, ನಕಲು ದಫ್ತರಿನಲ್ಲಿ. ಮೂಲ ಕಳೆದರೆ ನಕಲಿನಿಂದ ಬರೆದುಕೊಳ್ಳಬಹುದು. ಲೆಕ್ಕದಲ್ಲಿ ಸಂಶಯ ಬಂದರೆ ಎರಡನ್ನೂ ಹೋಲಿಸಬಹುದು. ನಕಲು ಮಾಡುವಾಗ ಅಂಚನ್ನೂ ಬಿಡುವಂತಿಲ್ಲ. ಮೂರು ತಿಂಗಳಿಗೊಮ್ಮೆ ನಕಲನ್ನು ಆಟಗಾರರಿಗೆ ತೋರಿಸಿ ರುಜು ಪಡೆಯತಕ್ಕದ್ದು. ಏನನ್ನೂ ಹರಿಯತಕ್ಕದ್ದಲ್ಲ.

ದಫ್ತರು ಈಗಲೂ ನಮ್ಮದೇ, ವಿಜಯವಾಡದಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಅದನ್ನು ಕಂಕುಳಲ್ಲಿಟ್ಟುಕೊಂಡು ರೈಲು ಹತ್ತುತ್ತೇವೆ. ಮೊದಲ ಸಲ ಗುಬ್ಬಿಯ ಹಾಳೆ ಮುಂದಿಟ್ಟಾಗ ಹುಡುಗಿ ಆ ಅಟೆಂಡರಿನಷ್ಟೇ ನಿಧಾನವಾಗಿ ಓದಿದಳು. ಆಮೇಲೆ ಕೆಳಗೆ ಬರೆದಳು: “ನೋಡಿದ್ದೇನೆ. ಕಾಗೆ ಬಿಟ್ಟು ಮಿಕ್ಕದ್ದೆಲ್ಲ ಸರಿಯಾಗಿದೆ.”