ಉಪವಾಸದ ಲೆಕ್ಕ

ಇವತ್ತಿನ ಅಲ್ಜೀರಿಯದಲ್ಲಿರುವ ಕಾನ್‌ಸ್ಟಂಟೀನ್ ಪಟ್ಟಣಕ್ಕೆ ರೋಮನರ ಕಾಲದಲ್ಲಿ ಸಿರ್ತಾ ಎಂದು ಹೆಸರಿತ್ತು. ಕ್ರಿ.ಶ. 303ರ ಮೇ 19ರಂದು ಅಲ್ಲಿನ ಕ್ರೈಸ್ತರು ಆರಾಧನೆಗೆ ಕೂಡುತ್ತಿದ್ದ ಮನೆಗೆ ನಗರದ ಅಧಿಕಾರಿಗಳು ಜಪ್ತಿಗೆ ಬಂದರು. ಗ್ರಂಥಗಳನ್ನು ಸುಡಬೇಕು, ಸೊತ್ತನ್ನು ವಶಪಡಿಸಿಕೊಳ್ಳಬೇಕು ಎಂದು ಚಕ್ರವರ್ತಿ ಡಯೊಕ್ಲೀಷಿಯನ್ ಆಜ್ಞೆ ಹೊರಡಿಸಿದ್ದ. ಗುಮಾಸ್ತರು ಸಿಕ್ಕಿದ್ದನ್ನೆಲ್ಲ ಎಣಿಸಿ ಬರೆದುಕೊಂಡರು. ಚಿನ್ನದ ಪಾನಪಾತ್ರೆ 2, ಬೆಳ್ಳಿಯವು 6, ಬೆಳ್ಳಿಯ ದೀಪ 7. ಆಮೇಲೆ ಪಟ್ಟಿಯ ಜಾಡೇ ಬದಲಾಗುತ್ತದೆ. ಹೆಂಗಸರ ನಿಲುವಂಗಿ 82, ಹೆಂಗಸರ ಹೊದಿಕೆ 38, ಗಂಡಸರ ನಿಲುವಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರವು 47 ಜೊತೆ. ಊಟದ ಕೋಣೆಯಲ್ಲಿ ದೊಡ್ಡ ಹರವಿ 4, ಜಾಡಿ 6. ಪುಸ್ತಕದ ಕಪಾಟುಗಳು ಮಾತ್ರ ಖಾಲಿಯಾಗಿದ್ದವು. ವಾಕ್ಯ ಓದುವ ಹೊಣೆ ಹೊತ್ತವರು ಗ್ರಂಥಗಳನ್ನು ತಂತಮ್ಮ ಮನೆಗಳಲ್ಲಿ ಇಟ್ಟುಕೊಂಡಿದ್ದರು.

ಮುಂದೆ 320ರಲ್ಲಿ ನಡೆದ ಒಂದು ವಿಚಾರಣೆಯಲ್ಲಿ ಈ ಜಪ್ತಿಯ ದಾಖಲೆಯನ್ನು ಓದಿಸಿದ್ದರಿಂದ ಅದು ನಮ್ಮವರೆಗೂ ಉಳಿದು ಬಂದಿದೆ. ಆ ಬಟ್ಟೆ, ಪಾದರಕ್ಷೆಗಳು ವಿಧವೆಯರಿಗೂ ಬಡವರಿಗೂ ಹಂಚಲೆಂದು ಕೂಡಿಟ್ಟವು ಎಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಆದಿಸಭೆಯ ಭಕ್ತಿಯ ಬಗ್ಗೆ ಪ್ರಸಂಗಗಳನ್ನು ಕೇಳುತ್ತಲೇ ಬೆಳೆದವನು ನಾನು. ಆದರೂ ಆ ಭಕ್ತಿ ಎಂಥದ್ದು ಎಂದು ನನಗೆ ಮನದಟ್ಟು ಮಾಡಿದ್ದು ಈ ಪಟ್ಟಿ. ಪಾನಪಾತ್ರೆ, ದೀಪಗಳಿದ್ದ ಮನೆಯಲ್ಲೇ 47 ಜೊತೆ ಪಾದರಕ್ಷೆಗಳೂ ಇದ್ದವು. ಆರಾಧನೆಯ ಸಾಮಾನು ಯಾವುದು, ದಾನದ ಸಾಮಾನು ಯಾವುದು ಎಂದು ಬರೆದುಕೊಂಡವರು ಬೇರೆ ಮಾಡಲಿಲ್ಲ. ಅಲ್ಲಿ ಕೂಡುತ್ತಿದ್ದವರೂ ಬೇರೆ ಮಾಡಿರಲಿಲ್ಲವೆಂದೇ ನನ್ನ ನಂಬಿಕೆ.

ಆದಿಸಭೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಬರುತ್ತದೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ತೆರೆದು, ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಎಂದು ನಾಲ್ಕನ್ನೂ ಬೆರಳು ಮಡಿಸಿ ಎಣಿಸುತ್ತೇವೆ. ಎಣಿಸಿದ ಮೇಲೆ ಒಂದೊಂದಕ್ಕೂ ಒಂದೊಂದು ಕೂಟ ಏರ್ಪಡಿಸುತ್ತೇವೆ. ಬೈಬಲ್ ಅಧ್ಯಯನಕ್ಕೆ ಒಂದು ದಿನ, ಉಪವಾಸ ಪ್ರಾರ್ಥನೆಗೆ ಒಂದು ದಿನ, ಕಾಣಿಕೆಗೆ ಒಂದು ಚೀಲ, ಬಡವರಿಗೆ ಕ್ರಿಸ್ಮಸ್ಸಿನಲ್ಲಿ ಒಂದು ಕಂಬಳಿ. ಮೊದಲ ಮೂರು ಶತಮಾನಗಳ ಬರಹಗಳನ್ನು ಓದುತ್ತಾ ಹೋದಂತೆ, ಅವರಲ್ಲಿ ಈ ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡಿದ್ದುದು ಕಾಣುತ್ತದೆ. ಒಂದನ್ನು ಎಳೆದರೆ ಮಿಕ್ಕ ಮೂರೂ ಜೊತೆಗೆ ಬರುತ್ತವೆ.

ಕಪ್ಪು ಸಮುದ್ರದ ತೀರದ ಬಿಥಿನಿಯ ಪ್ರಾಂತ್ಯದಲ್ಲಿ ರಾಜ್ಯಪಾಲನಾಗಿದ್ದ ಪ್ಲಿನಿ ಸುಮಾರು 112ರಲ್ಲಿ ಚಕ್ರವರ್ತಿ ಟ್ರೇಜನ್ನನಿಗೆ ಬರೆದ ಪತ್ರವನ್ನು ನೋಡಿ. ಅವನು ಕ್ರೈಸ್ತರ ಸ್ನೇಹಿತನಲ್ಲ, ಅವರನ್ನು ಹಿಡಿದು ಶಿಕ್ಷಿಸುತ್ತಿದ್ದವನು. ವಿಚಾರಣೆಯಲ್ಲಿ ಅವನಿಗೆ ತಿಳಿದುಬಂದದ್ದು ಇಷ್ಟು. ಇವರು ಗೊತ್ತಾದ ಒಂದು ದಿನ ನಸುಕಿಗೆ ಮುಂಚೆ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಒಬ್ಬರಿಗೊಬ್ಬರು ಎದುರುಹಾಡಿನಂತೆ ಹಾಡುತ್ತಾರೆ, ಆಮೇಲೆ ಒಂದು ಪ್ರತಿಜ್ಞೆ ಮಾಡುತ್ತಾರೆ. ಯಾವುದೋ ಒಳಸಂಚಿನ ಪ್ರತಿಜ್ಞೆ ಇರಬೇಕೆಂದು ಅವನ ಶಂಕೆ. ಸಿಕ್ಕಿದ್ದು ಬೇರೆ: ಕಳವು ಮಾಡುವುದಿಲ್ಲ, ದರೋಡೆ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಯಾರಾದರೂ ನಂಬಿ ಇಟ್ಟ ಹಣವನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ. ಇನ್ನೂ ಏನಾದರೂ ಬಾಯಿ ಬಿಡಿಸಬೇಕೆಂದು, ಸಭೆಯಲ್ಲಿ ಸೇವಕಿಯರೆನಿಸಿಕೊಂಡಿದ್ದ ಇಬ್ಬರು ದಾಸಿಯರನ್ನು ಪ್ಲಿನಿ ಚಿತ್ರಹಿಂಸೆಗೆ ಗುರಿಮಾಡಿದ. ಅತಿರೇಕದ ಮೂಢನಂಬಿಕೆಯೊಂದನ್ನು ಬಿಟ್ಟರೆ ಅವರಲ್ಲಿ ಬೇರೇನೂ ಸಿಗಲಿಲ್ಲವೆಂದು ದೊರೆಗೆ ವರದಿ ಮಾಡಿದ.

ಆ ಇಬ್ಬರು ಹೆಂಗಸರ ಹೆಸರು ಪತ್ರದಲ್ಲಿಲ್ಲ. ಲೋಕದ ಕಣ್ಣಿಗೆ ಅವರು ಮಾರಾಟದ ಸರಕು. ಸಭೆಯಲ್ಲಿ ಅವರಿಗೆ ಸೇವೆಯ ಹುದ್ದೆ ಇತ್ತು. ಹಾಡಿದ ಬಾಯಿಂದಲೇ, ನಂಬಿ ಇಟ್ಟ ಹಣಕ್ಕೆ ಮೋಸ ಮಾಡುವುದಿಲ್ಲವೆಂದು ಆಣೆಯಿಟ್ಟು ಎದ್ದು ಹೋಗುತ್ತಿದ್ದರು ಈ ಜನ. ಬೆಳಗಾದರೆ ಸಂತೆ, ಅಂಗಡಿ, ಯಜಮಾನನ ಮನೆ. ನಸುಕಿನ ಆರಾಧನೆ ಅವರನ್ನು ಆ ದಿನದ ವ್ಯವಹಾರಕ್ಕೆ ಸಿದ್ಧಮಾಡಿ ಕಳಿಸುತ್ತಿತ್ತು. ಭಾನುವಾರದ ಹಾಡಿಗೂ ಸೋಮವಾರದ ತಕ್ಕಡಿಗೂ ಇಷ್ಟು ಹತ್ತಿರದ ನೆಂಟು ನಮ್ಮಲ್ಲಿ ಉಳಿದಿದೆಯೇ ಎಂದು ನಾನು ಕೇಳಿಕೊಳ್ಳುತ್ತಿರುತ್ತೇನೆ.

ಇದಕ್ಕೂ ಹಿಂದಿನದೋ ಹೆಚ್ಚುಕಡಿಮೆ ಇದೇ ಕಾಲದ್ದೋ ಆದ ಒಂದು ಸಣ್ಣ ಕೈಪಿಡಿ ‘ದಿದಖೆ’. ಹೆಸರಷ್ಟೇ ಉಳಿದು, ಪಠ್ಯ ಕಳೆದೇಹೋಯಿತೆಂದು ಎಲ್ಲರೂ ತಿಳಿದಿದ್ದಾಗ, 1056ರಲ್ಲಿ ನಕಲು ಮಾಡಿದ ಒಂದು ಹಸ್ತಪ್ರತಿಯಲ್ಲಿ ಅದು 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಫಿಲೊಥೆಯೊಸ್ ಬ್ರಿಯೆನ್ನಿಯೊಸ್ ಎಂಬ ಧರ್ಮಗುರುವಿನ ಕಣ್ಣಿಗೆ ಬಿತ್ತು. 1883ರಲ್ಲಿ ಅಚ್ಚಾಯಿತು. ಅದರಲ್ಲಿ ಹೇಳಿದ ದಿನಚರಿ ಬಹಳ ಸರಳ. ದಿನಕ್ಕೆ ಮೂರು ಸಲ ಕರ್ತನ ಪ್ರಾರ್ಥನೆ. ಬುಧವಾರ, ಶುಕ್ರವಾರ ಉಪವಾಸ. ಕರ್ತನ ದಿನದಂದು ಪಾಪಗಳನ್ನು ಅರಿಕೆಮಾಡಿಕೊಂಡು ರೊಟ್ಟಿ ಮುರಿಯುವುದು. ಅದರೊಂದಿಗೆ ಒಂದು ಷರತ್ತು: ಜೊತೆಯವನೊಂದಿಗೆ ಜಗಳವಿದ್ದರೆ, ರಾಜಿಯಾಗುವ ತನಕ ಆ ಪಂಕ್ತಿಗೆ ಬರಕೂಡದು. ಊರೂರು ಸುತ್ತುವ ಬೋಧಕರ ವಿಷಯದಲ್ಲೂ ಕಟ್ಟುನಿಟ್ಟು. ಬಂದವನು ಒಂದು ದಿನ, ಅಗತ್ಯಬಿದ್ದರೆ ಎರಡು ದಿನ ಇರಬಹುದು. ಮೂರನೆಯ ದಿನವೂ ಬೀಡುಬಿಟ್ಟರೆ, ಇಲ್ಲವೇ ಹೋಗುವಾಗ ಹಣ ಕೇಳಿದರೆ, ಅವನು ಸುಳ್ಳು ಪ್ರವಾದಿ. ಇಂದಿನ ದೊಡ್ಡ ವೇದಿಕೆಗಳಿಗೂ ಜಾಹೀರಾತಿನ ಫಲಕಗಳಿಗೂ ಈ ಅಳತೆಗೋಲು ಹಿಡಿದು ನೋಡುವ ಧೈರ್ಯ ನಮಗೆ ಬರಬೇಕು.

ಉಪವಾಸದ ಬಗ್ಗೆ ನನ್ನನ್ನು ಹೆಚ್ಚು ಕಲಕಿದ್ದು ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಹೆರ್ಮಾ ಎಂಬವನ ಬರಹ. ಒಂದು ಕಾಲದಲ್ಲಿ ದಾಸನಾಗಿ ಮಾರಾಟವಾಗಿದ್ದವನು ಅವನು. ‘ಕುರುಬ’ ಎಂಬ ಅವನ ಗ್ರಂಥವನ್ನು ಹಲವು ಸಭೆಗಳು ಬಹುಕಾಲ ಶಾಸ್ತ್ರದಷ್ಟೇ ಗೌರವದಿಂದ ಓದಿಸುತ್ತಿದ್ದವು. ಉಪವಾಸ ಹೇಗೆ ಮಾಡಬೇಕೆಂದು ಅದರಲ್ಲೊಂದು ವಿಧಾನವಿದೆ. ಆ ದಿನ ರೊಟ್ಟಿ, ನೀರು ಬಿಟ್ಟು ಬೇರೇನೂ ಮುಟ್ಟಬೇಡ. ಆ ದಿನದ ಊಟಕ್ಕೆ ನಿನಗೆ ಎಷ್ಟು ಖರ್ಚಾಗುತ್ತಿತ್ತೆಂದು ಲೆಕ್ಕಹಾಕು. ಆ ಮೊತ್ತವನ್ನು ತೆಗೆದಿಟ್ಟು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಅದೇ ಶತಮಾನದ ಅರಿಸ್ತೀದೆಸ್ ಎಂಬ ಅಥೆನ್ಸಿನವನು ಇನ್ನೊಂದು ಮಾತು ಹೇಳುತ್ತಾನೆ. ತಮ್ಮ ನಡುವೆ ಹಸಿದವರಿದ್ದು, ಕೊಡಲು ಕೈಯಲ್ಲಿ ಮಿಗತೆ ಇಲ್ಲದಿದ್ದರೆ, ಈ ಜನ ಎರಡು ಮೂರು ದಿನ ತಾವೇ ಉಪವಾಸವಿದ್ದು ಅವರಿಗೆ ಊಟ ಒದಗಿಸುತ್ತಿದ್ದರಂತೆ. ಇದ್ದವರು ಕೊಡುವ ದಾನವನ್ನು ಲೋಕ ಬಲ್ಲದು. ಇಲ್ಲದವರು ಕೊಡುವುದಕ್ಕಾಗಿ ಹುಡುಕಿಕೊಂಡ ದಾರಿ ಇದು.

ಹೆರ್ಮಾನನ್ನು ಓದುವುದಕ್ಕೆ ಎಷ್ಟೋ ಮೊದಲೇ ಈ ಲೆಕ್ಕ ನನಗೆ ಗೊತ್ತಿತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಕರಾವಳಿಯಲ್ಲಿ ಬೆಳೆದ ಸಭೆಗಳಲ್ಲೊಂದು ನಮ್ಮದು. ಅಮ್ಮ ಬೆಳಿಗ್ಗೆ ಪಾವಿನಲ್ಲಿ ಕುಚ್ಚಲಕ್ಕಿ ಅಳೆದು ಮೊರಕ್ಕೆ ಸುರಿದುಕೊಂಡು, ಕಲ್ಲು ಹೆಕ್ಕಿ, ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಹಾಕುವಾಗ ತುಟಿ ಅಲುಗುತ್ತಿತ್ತು. ತಿಂಗಳ ಕೊನೆಗೆ ಅಕ್ಕಿ ಡಬ್ಬಿಯ ತಳ ಕಂಡು, ಗಂಜಿಗೆ ನೀರು ಹೆಚ್ಚಾಗುತ್ತಿದ್ದ ದಿನಗಳಲ್ಲೂ ಆ ಹಿಡಿ ಸಣ್ಣದಾಗುತ್ತಿರಲಿಲ್ಲ. “ಇವತ್ತೊಂದು ದಿನ ಬಿಡಮ್ಮಾ” ಎಂದರೆ, “ಉಂಡು ಉಳಿದದ್ದು ಕೊಡಲಿಕ್ಕೆ ಇದೇನು ತಂಗಳಾ ಮಗಾ, ಮೊದಲೇ ತೆಗೆದಿಡಬೇಕು” ಎನ್ನುತ್ತಿದ್ದಳು. ಡಬ್ಬಿ ತುಂಬಿದಾಗ ಅದು ಸಭೆಯ ಹೆಂಗಸರ ಮೂಲಕ ಯಾವುದೋ ಮನೆಯ ಒಲೆಗೆ ಹೋಗುತ್ತಿತ್ತು. ಯಾರ ಮನೆಗೆ ಎಂದು ಮಕ್ಕಳಿಗೆ ಹೇಳುತ್ತಿರಲಿಲ್ಲ.

ಈ ಹಿಡಿ ಅಕ್ಕಿಯ ಪದ್ಧತಿ ನಮ್ಮ ದೇಶದ ಬೇರೆ ಕಡೆಗಳಲ್ಲೂ ಇದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು ಇದನ್ನು 1910ರಲ್ಲಿ ಶುರುಮಾಡಿದರು. ಅಡುಗೆಗೆ ಇಡುವಾಗಲೆಲ್ಲ ತೆಗೆದಿಟ್ಟ ಒಂದೊಂದು ಹಿಡಿ ಅಕ್ಕಿಯಿಂದಲೇ ಇವತ್ತಿಗೂ ಅಲ್ಲಿನ ಸಭೆಯ ಸೇವೆಯ ದೊಡ್ಡದೊಂದು ಪಾಲು ನಡೆಯುತ್ತದೆ. ಅಡುಗೆಮನೆಯನ್ನೇ ಪ್ರಾರ್ಥನೆಯ ಕೋಣೆ ಮಾಡಿಕೊಂಡ ಈ ತಾಯಂದಿರು ಆದಿಸಭೆಯ ನಿಜವಾದ ವಾರಸುದಾರರು ಎಂದು ನಾನು ನಂಬಿದ್ದೇನೆ.

ಪಂಕ್ತಿಯ ವಿಷಯಕ್ಕೆ ಬರೋಣ. ರೋಮಿನಲ್ಲಿದ್ದ ಜಸ್ಟಿನ್ ಸುಮಾರು 155ರಲ್ಲಿ ಭಾನುವಾರದ ಕೂಟವನ್ನು ವರ್ಣಿಸಿದ್ದಾನೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಹೊತ್ತು ಇರುವಷ್ಟು ಓದುತ್ತಾರೆ. ಮುಂದಾಳು ಪ್ರಬೋಧಿಸುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ ಬರುತ್ತವೆ, ಸ್ತೋತ್ರವಾಗುತ್ತದೆ, ಹಂಚುತ್ತಾರೆ. ಬಾರದವರ ಪಾಲನ್ನು ಸಭಾಸೇವಕರು ಅವರ ಮನೆಗೇ ಒಯ್ದು ಕೊಡುತ್ತಾರೆ. ಇಷ್ಟಪಟ್ಟವರು ಕೊಟ್ಟ ಹಣ ಮುಂದಾಳುವಿನ ಬಳಿ ಸೇರಿ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರವೂರಿನಿಂದ ಬಂದವರು ಇವರಿಗೆಲ್ಲ ಹೋಗುತ್ತದೆ. ಕಾರ್ಥೇಜಿನ ತೆರ್ತುಲ್ಲಿಯನ್ 197ರ ಸುಮಾರಿಗೆ ಇದೇ ಪಟ್ಟಿಯನ್ನು ಇನ್ನೂ ಬೆಳೆಸುತ್ತಾನೆ: ಬಡವರ ಶವಸಂಸ್ಕಾರ, ದುಡಿದು ದುಡಿದು ಮುದಿಯಾದ ದಾಸರು, ಹಡಗು ಒಡೆದು ಗತಿಗೆಟ್ಟವರು, ನಂಬಿಕೆಗಾಗಿ ಗಣಿಗೂ ದ್ವೀಪಗಳಿಗೂ ಅಟ್ಟಲ್ಪಟ್ಟವರು. ಬಲವಂತದ ವಸೂಲಿ ಇಲ್ಲ, ಮನಸ್ಸು ಬಂದಷ್ಟು, ಕೈಲಾದಷ್ಟು ಎಂದು ಸ್ಪಷ್ಟವಾಗಿ ಹೇಳುತ್ತಾನೆ.

ಹಾಗೆಂದು ಆ ಕಾಲವನ್ನು ಸತ್ಯಯುಗ ಮಾಡಿ ಕೂರಿಸಬಾರದು. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬ ಉಂಡು ಕುಡಿದು, ಇಲ್ಲದವರು ಹಸಿದೇ ಇರಬೇಕಾದ ಪಂಕ್ತಿಗೆ ಪೌಲ ಕೆಂಡಾಮಂಡಲನಾದದ್ದು ಕರ್ತನ ಭೋಜನದ ಕುರಿತ ಅತಿ ಹಳೆಯ ಬರಹದಲ್ಲೇ ಇದೆ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸಿದರೆಂದು ದೂರು ಬಂದಾಗ ಏಳು ಮಂದಿಯನ್ನು ನೇಮಿಸಬೇಕಾಯಿತು. ಜಗಳ ಮುಗಿಸಿ ಬಾ ಎಂಬ ನಿಯಮ ಹುಟ್ಟಿದ್ದು ಜಗಳವಿದ್ದುದರಿಂದಲೇ. ಅವರು ನಮಗಿಂತ ಒಳ್ಳೆಯ ಮನುಷ್ಯರಾಗಿದ್ದರೆಂದು ನಾನು ವಾದಿಸುವುದಿಲ್ಲ. ತಮ್ಮ ಕೇಡನ್ನು ಆರಾಧನೆಯ ಹೊರಗೆ ಬಿಟ್ಟು ಒಳಗೆ ಬರಲು ಅವರ ಭಕ್ತಿ ಅವಕಾಶ ಕೊಡಲಿಲ್ಲ. ಕೇಡನ್ನು ಪಂಕ್ತಿಯ ನಡುವೆಯೇ ಎಳೆದು ತಂದು ಸರಿಪಡಿಸುವ ವ್ಯವಸ್ಥೆ ಅವರಲ್ಲಿತ್ತು. ಮಾದರಿ ಎನ್ನಬೇಕಾದ್ದು ಈ ವ್ಯವಸ್ಥೆಯನ್ನು.

ಸಿರಿಯದ ದುರಾ ಯೂರೋಪೊಸ್‌ನಲ್ಲಿ 1930ರ ದಶಕದಲ್ಲಿ ಅಗೆದಾಗ ಸಿಕ್ಕಿದ, ಮೂರನೆಯ ಶತಮಾನದ ಆರಾಧನೆಯ ಮನೆಯಲ್ಲಿ ಎರಡು ಕೋಣೆಗಳ ನಡುವಣ ಗೋಡೆಯನ್ನು ಕೆಡವಿ ಒಂದು ಕೂಡುಕೋಣೆ ಮಾಡಿಕೊಂಡಿದ್ದಾರೆ. ದಕ್ಷಿಣ ಭಾರತದ ಕೆಲವೆಡೆ ನಾವು ಜಾತಿಗೊಂದು ಸಾಲು ಮಾಡಿದ್ದೇವೆ, ಸತ್ತವರ ನಡುವೆಯೂ ಗೋಡೆ ಎಬ್ಬಿಸಿದ್ದೇವೆ. ಸಭೆಯ ಆಸ್ತಿಗಾಗಿ ಕೋರ್ಟಿನಲ್ಲಿ ಎದುರುಬದುರು ನಿಂತವರು ಭಾನುವಾರ ಒಂದೇ ಪಾತ್ರೆಯಿಂದ ಕುಡಿಯುತ್ತೇವೆ. ನಸುಕಿನ ಪ್ರಾರ್ಥನೆ, ಮನೆಕೂಟ, ನಲವತ್ತು ದಿನಗಳ ಉಪವಾಸ ಇವನ್ನೆಲ್ಲ ಆದಿಸಭೆಯ ಹೆಸರಿನಲ್ಲಿ ಮರಳಿ ತಂದರೂ ಈ ಗೋಡೆಗಳನ್ನು ಹಾಗೇ ಬಿಟ್ಟರೆ, ತಂದದ್ದು ಸಿಪ್ಪೆ ಮಾತ್ರ.

362ರ ಸುಮಾರಿಗೆ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿಹಿಡಿಯಲು ಹೊರಟ ಚಕ್ರವರ್ತಿ ಜೂಲಿಯನ್ ತನ್ನ ಒಬ್ಬ ಮುಖ್ಯ ಅರ್ಚಕನಿಗೆ ಪತ್ರ ಬರೆದ. ಈ ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮವರನ್ನೂ ಸಾಕುತ್ತಿದ್ದಾರೆ, ನಮಗೆ ಇದು ನಾಚಿಕೆ ಎಂಬುದು ಅದರ ತಾತ್ಪರ್ಯ. ಹಗೆಯವನ ಬಾಯಿಂದ ಬಂದ ಈ ಸಾಕ್ಷಿಗಿಂತ ದೊಡ್ಡ ಪ್ರಮಾಣಪತ್ರ ಯಾವ ಸಭೆಗೂ ಬೇಕಿಲ್ಲ. ತಮ್ಮವರು, ಬೇರೆಯವರು ಎಂದು ನೋಡದೆ ಬಡಿಸಿದ ಆ ಕೈಗಳು ವಾರಕ್ಕೆ ಎರಡು ದಿನ ತಮ್ಮ ತಟ್ಟೆಯಿಂದ ಹಿಂದೆ ಸರಿದು ಪಳಗಿದ ಕೈಗಳು.

ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಶುಕ್ರವಾರದ ಉಪವಾಸ ಕೂಟ ನಮ್ಮಲ್ಲಿ ಈಗಲೇ ಇದೆ. ಕೂಟ ಮುಗಿದಾಗ, ಬಿಟ್ಟ ಊಟದ ಬೆಲೆಯನ್ನು ಪ್ರತಿಯೊಬ್ಬರೂ ಅಲ್ಲೇ ಎಣಿಸಿ ಇಡಲಿ. ಅದು ಮೈಕಿಗೂ ಕಟ್ಟಡಕ್ಕೂ ಹೋಗದೆ ಆ ವಾರವೇ ಒಂದು ಮನೆಗೆ ತಲುಪಲಿ, ಆ ಮನೆ ಸಭೆಯದೇ ಆಗಿರಬೇಕೆಂದಿಲ್ಲ. ಕರ್ತನ ಭೋಜನದ ಹಿಂದಿನ ವಾರ ಸಭಾಪಾಲಕರು ಜಗಳವಾಡಿದವರ ಮನೆಗಳಿಗೆ ಹೋಗಿ ಕೂರಲಿ. ಹಾಸಿಗೆ ಹಿಡಿದ ಅಜ್ಜಿಯ ಪಾಲಿನ ರೊಟ್ಟಿ, ಫೋನಿನ ತೆರೆಯ ಮೇಲೆ ಆರಾಧನೆ ನೋಡಿದ ಮಾತ್ರಕ್ಕೆ ಅವಳಿಗೆ ಸಂದಾಯವಾಗಿಬಿಟ್ಟಿತೆಂದು ಯಾರೂ ತಿಳಿಯದಿರಲಿ. ಯಾರಾದರೊಬ್ಬರು ಅದನ್ನು ಒಯ್ದು ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಪ್ರಾರ್ಥಿಸಲಿ. ಇಷ್ಟು ನಡೆದರೆ ಆದಿಸಭೆ ನಮಗೆ ಬರೀ ಪ್ರಸಂಗದ ವಿಷಯವಾಗಿ ಉಳಿಯುವುದಿಲ್ಲ. ಎದ್ದು ಯಾರ ಮನೆಗೆ ಹೋಗಬೇಕೆಂಬುದು ಪ್ರಾರ್ಥನೆಯೊಳಗೇ ತೀರ್ಮಾನವಾಗಬೇಕು. ಅದು ತೀರ್ಮಾನವಾಗುವ ತನಕ ಆಮೆನ್ ಹೇಳುವ ಅವಸರ ನಮಗೆ ಬೇಡ.