ಕಣದೊಳಗಿನ ಕೋನ

ಹತ್ತನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ಸೂರ್ಯನಿಗೆ ಬಲು ಶಿಸ್ತು. ಅವನು 30, 45, 60 ಡಿಗ್ರಿಗಳಲ್ಲಷ್ಟೇ ನಿಲ್ಲುತ್ತಾನೆ. ಗೋಪುರ ನೋಡಲು ಬಂದ ಮನುಷ್ಯನೂ ಹಾಗೇ. ತುದಿಯನ್ನು ಮೊದಲು 30 ಡಿಗ್ರಿಯಲ್ಲಿ ನೋಡುತ್ತಾನೆ, ಗೋಪುರದ ಕಡೆಗೆ ಒಂದಿಷ್ಟು ಮೀಟರ್ ನಡೆಯುತ್ತಾನೆ, 60 ಡಿಗ್ರಿ ಆದ ಕೂಡಲೇ ಗಕ್ಕನೆ ನಿಲ್ಲುತ್ತಾನೆ. ಅವನು ಯಾವೂರವನು, ಅಲ್ಲಿ ಅವನಿಗೇನು ಕೆಲಸ ಎಂದು ಕೇಳುವವರಿಲ್ಲ. √3 ಅನ್ನು 1.73 ಎಂದಿಟ್ಟುಕೊಂಡು ಎತ್ತರ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದರೆ ಅಂಕ ಬಂದಂತೆ.

ನಮ್ಮ ಅಮ್ಮಿನಬಾವಿಯಲ್ಲಿ ಅಂಥ ಗೋಪುರ ಹುಡುಕಿಕೊಂಡು ಹೋಗಬೇಕು. ಧಾರವಾಡದಿಂದ ಸವದತ್ತಿ ದಾರಿ ಹಿಡಿದರೆ ಸಿಗುವ ಊರು. ಸುತ್ತ ಎರಿ ಹೊಲ, ಹಿಂಗಾರಿಯಲ್ಲಿ ಜೋಳ, ಕಡಲಿ. ಹಳೆಯ ಜೈನ ಬಸದಿ ಇದೆ, ಮಠ ಇದೆ. ಮಲಪ್ರಭೆಯ ನೀರು ಸವದತ್ತಿಯಿಂದ ಇಲ್ಲಿಗೆ ಬಂದು, ಶುದ್ಧವಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತದೆ. ಹೀಗಾಗಿ ಅವಳಿ ನಗರದವರ ಬಾಯಲ್ಲಿ ನಮ್ಮೂರ ಹೆಸರು ಬರುವುದು ಹೆಚ್ಚಾಗಿ ನಳ ಬಾರದ ದಿನ.

ನಮ್ಮ ಗಣಿತದ ಸರ್ ಪುಸ್ತಕದ ಗೋಪುರಗಳನ್ನು ಅಷ್ಟು ನಂಬುತ್ತಿರಲಿಲ್ಲ ಅನ್ನಿಸುತ್ತದೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ತಲೆಕೆಳಗೆ ಹಿಡಿದು, ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ಬಿಗಿಸಿ ಕೊಟ್ಟರು. ಹೇಗೆ ವಾರೆ ಮಾಡಿದರೂ ದಾರ ಮಾತ್ರ ನೆಟ್ಟಗೆ ನೆಲ ನೋಡುತ್ತದೆ. ಅದು ಯಾವ ಅಂಕಿಯ ಮೇಲೆ ಬಿತ್ತು ಎಂದು ಓದಿಕೊಂಡರಾಯಿತು. ಧ್ವಜಸ್ತಂಭ, ನೀರಿನ ಟಾಕಿ, ಹುಣಸೆ ಗಿಡ, ಕೈಗೆ ಸಿಕ್ಕಿದ್ದನ್ನೆಲ್ಲ ಅಳೆದೆವು. ಒಂದೂ 30 ಆಗಲಿಲ್ಲ, 45 ಆಗಲಿಲ್ಲ. 37, 52, 28, ಹೀಗೆ ಬಾಯಿಪಾಠಕ್ಕೆ ಸಿಗದ ಕೋನಗಳೇ ಬಂದವು. ಪುಸ್ತಕದ ಕೊನೆಯ ಕೋಷ್ಟಕ ಯಾತಕ್ಕಿದೆ ಎಂದು ನನಗೆ ಗೊತ್ತಾದದ್ದು ಆಗ.

ಆ ಕಲ್ಲು ಕಟ್ಟಿದ ಕೋನಮಾಪಕ ಮಾಘದ ಬಿಸಿಲಲ್ಲಿ ನಮ್ಮ ಕಣಕ್ಕೂ ಬಂತು. ಕಡಲಿ ತೂರಿ ಆಗಿತ್ತು. ಕಾಕಾ ಬುಟ್ಟಿಯಿಂದ ಕಾಳನ್ನು ರಾಶಿಯ ನೆತ್ತಿಯ ಮೇಲೆ ಸುರಿಯುತ್ತಿದ್ದರು. ಕಾಳು ನೆತ್ತಿಯ ಮೇಲೆ ಒಂದು ಗಳಿಗೆ ಗುಡ್ಡೆಯಾಗಿ ನಿಲ್ಲುತ್ತದೆ, ಆಮೇಲೆ ಒಂದು ಮಗ್ಗುಲು ಸರ್ರನೆ ಜಾರಿ ಬುಡಕ್ಕೆ ಬರುತ್ತದೆ. ಮತ್ತೆ ಸುರಿದರೆ ಮತ್ತೊಂದು ಮಗ್ಗುಲು. ರಾಶಿ ಮೊಳಕಾಲೆತ್ತರ ಇದ್ದಾಗ ಇದ್ದ ಇಳಿಜಾರೇ ಸೊಂಟದೆತ್ತರ ಆದಾಗಲೂ ಇತ್ತು. ನಾನು ಫೂಟುಪಟ್ಟಿಯನ್ನು ಆ ಇಳಿಜಾರಿಗೆ ಮೆಲ್ಲಗೆ ತಾಗಿಸಿ, ಅದರ ಮೇಲೆ ಕೋನಮಾಪಕ ಇಡಲು ಹೋದೆ.

‘ಪೂಜಿ ಆಗೂತನಕ ರಾಶಿ ಅಳಿಬಾರ್ದಲೇ ತಮ್ಮಾ!’

‘ಕಾಳು ಅಳ್ಯಾಂಗಿಲ್ರಿ ಕಾಕಾ. ಕೋನ ಅಷ್ಟ ಅಳೀತೇನಿ.’

‘ಕೋನ ತಗೊಂಡು ಎಷ್ಟ ಚೀಲಾ ತುಂಬ್ತಿ?’

ಅದು ತಮಾಷೆಯ ಮಾತಲ್ಲ, ನಿಜವಾದ ಗಣಿತದ ಪ್ರಶ್ನೆ. ಅದಕ್ಕೆ ಉತ್ತರ ಎಂದೋ ಬರೆದಿಟ್ಟಿದ್ದಾರೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಲೀಲಾವತಿ ಕೈಗೆ ಬಂದಾಗ. ಭಾಸ್ಕರಾಚಾರ್ಯರ ಈ ಪುಸ್ತಕ 1150ರದ್ದು. ಲೀಲಾವತಿ ಎಂದರೆ ನಮಗೆ ನೆನಪಾಗುವುದು ಹಾವಿನ ಮೇಲೆರಗುವ ನವಿಲು, ಗಾಳಿಗೆ ಮುರಿದ ಬಿದಿರು, ನೀರಲ್ಲಿ ಮುಳುಗುವ ತಾವರೆ. ಅದರಲ್ಲಿ ‘ರಾಶಿ ವ್ಯವಹಾರ’ ಎಂಬ ಚಿಕ್ಕ ಭಾಗವೂ ಇದೆ. ನನ್ನ ಮಟ್ಟಿಗೆ ಆ ನವಿಲಿಗಿಂತ ಈ ರಾಶಿಯೇ ಹೆಚ್ಚು ಚೆಲುವು.

ಅಲ್ಲಿನ ಲೆಕ್ಕ ಹೀಗೆ: ಸಮನೆಲದ ಮೇಲಿನ ರಾಶಿಯ ಸುತ್ತಳತೆ ತೆಗೆದುಕೋ. ದಪ್ಪ ಕಾಳಾದರೆ ಅದರ ಹತ್ತರಲ್ಲೊಂದು ಪಾಲು ಎತ್ತರ, ಸಣ್ಣ ಕಾಳಾದರೆ ಹನ್ನೊಂದರಲ್ಲೊಂದು, ಮುಳ್ಳಿರುವ ಭತ್ತದಂಥ ಧಾನ್ಯವಾದರೆ ಒಂಬತ್ತರಲ್ಲೊಂದು. ಸುತ್ತಳತೆಯ ಆರನೇ ಒಂದು ಪಾಲನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಗಾತ್ರ. ಎತ್ತರ ಅಳೆಯಲು ರಾಶಿಯೊಳಗೆ ಕೋಲು ಚುಚ್ಚಬೇಕಿಲ್ಲ, ಒಂದು ಹಗ್ಗ ಸುತ್ತಿದರೆ ಸಾಕು.

ಈ ಹತ್ತರಲ್ಲೊಂದು ಎಲ್ಲಿಂದ ಬಂತು? ಸುತ್ತಳತೆಯನ್ನು 2π ಇಂದ ಭಾಗಿಸಿದರೆ ತ್ರಿಜ್ಯ. ಎತ್ತರವನ್ನು ತ್ರಿಜ್ಯದಿಂದ ಭಾಗಿಸಿದರೆ ಇಳಿಜಾರಿನ ಟ್ಯಾನ್. ದಪ್ಪ ಕಾಳಿಗೆ ಅದು 2π/10, ಅಂದರೆ 0.628. ಕೋಷ್ಟಕದಲ್ಲಿ ನೋಡಿದರೆ ಸುಮಾರು 32 ಡಿಗ್ರಿ. ಸಣ್ಣ ಕಾಳಿಗೆ ಹತ್ತಿರಹತ್ತಿರ 30, ಮುಳ್ಳಿನ ಧಾನ್ಯಕ್ಕೆ 35. ದುಂಡಗಿನ ಕಾಳು ಬೇಗ ಜಾರುತ್ತದೆ, ಮುಳ್ಳಿದ್ದದ್ದು ಒಂದಕ್ಕೊಂದು ತೊಡರಿಕೊಂಡು ಕಡಿದಾಗಿ ನಿಲ್ಲುತ್ತದೆ. ಕಾಳಿನ ತೇವ, ಜೊತೆಗಿರುವ ಹೊಟ್ಟು ನೋಡಿಕೊಂಡು ನಾಲ್ಕಾರು ಡಿಗ್ರಿ ಹೆಚ್ಚುಕಡಿಮೆ ಆದೀತು. ಆದರೆ ರಾಶಿ ದೊಡ್ಡದೋ ಚಿಕ್ಕದೋ ಎಂಬುದರಿಂದ ಕೋನ ಬದಲಾಗುವುದಿಲ್ಲ. ಬೊಗಸೆ ಕಡಲಿಗೂ ನೂರು ಚೀಲದ ಕಡಲಿಗೂ ಒಂದೇ ಟ್ಯಾನ್. ಇಡೀ ತ್ರಿಕೋನಮಿತಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಅದನ್ನು ಗೋಪುರದಲ್ಲಿ ತೋರಿಸುವುದಕ್ಕಿಂತ ಕಾಳಿನಲ್ಲಿ ತೋರಿಸುವುದು ಸಲೀಸು.

ಸುತ್ತಳತೆ 30 ಅಡಿ ಎನ್ನಿ. ಎತ್ತರ 3 ಅಡಿ, ಗಾತ್ರ ಐದೈದಲೆ ಇಪ್ಪತ್ತೈದು, ಮೂರರಿಂದ ಗುಣಿಸಿದರೆ 75 ಘನ ಅಡಿ. ಶಾಲೆಯ ಸೂತ್ರದಲ್ಲಿ ಸುಮಾರು 72 ಬರುತ್ತದೆ. ಈ ವ್ಯತ್ಯಾಸಕ್ಕೆ ಕಾರಣ, ಭಾಸ್ಕರಾಚಾರ್ಯರು ಇಲ್ಲಿ π ಬೆಲೆಯನ್ನು 3 ಎಂದೇ ಹಿಡಿದಿದ್ದಾರೆ. ಗೊತ್ತಿಲ್ಲದೆ ಅಲ್ಲ, ಅದೇ ಪುಸ್ತಕದಲ್ಲಿ 3927/1250 ಎಂಬ ಸೂಕ್ಷ್ಮ ಬೆಲೆಯನ್ನೂ ಕೊಟ್ಟಿದ್ದಾರೆ, ಅದು 3.1416. ಕಣದಲ್ಲಿ ನಿಂತವನು ಆರರಿಂದ ಭಾಗಿಸಬಲ್ಲ, 3927ರ ಗೊಡವೆಗೆ ಹೋಗಲಾರ ಎಂದು ತಿಳಿದ ಮನುಷ್ಯ.

ಪಿಯುಸಿಗೆ ಧಾರವಾಡಕ್ಕೆ ಹೋದಾಗ ಗಣಿತವೆಲ್ಲ ಇಂಗ್ಲಿಷಾಯಿತು, ಗೋಪುರಗಳು ಮಾಯವಾದವು. ಬೋರ್ಡಿನ ಮೇಲೆ ಒಂದು ಶಂಕು, ಅದನ್ನು ಕತ್ತರಿಸುವ ಒಂದು ಸಮತಲ. ಅಡ್ಡಕ್ಕೆ ಕತ್ತರಿಸಿದರೆ ವೃತ್ತ, ತುಸು ವಾರೆಯಾದರೆ ದೀರ್ಘವೃತ್ತ, ಮಗ್ಗುಲಿಗೆ ಸಮಾಂತರವಾದರೆ ಪರವಲಯ, ಇನ್ನೂ ಕಡಿದಾದರೆ ಅತಿಪರವಲಯ. ಇದು ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕರ ವಿದ್ಯೆ, ಪೆರ್ಗಾದ ಅಪೊಲೊನಿಯಸ್ ಇದರ ಮೇಲೆ ಎಂಟು ಪುಸ್ತಕ ಬರೆದ. ನಮ್ಮ ಕಡೆ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ದೀರ್ಘವೃತ್ತವನ್ನು ಕೈಗೆತ್ತಿಕೊಂಡ. ಅವನು ಅದನ್ನು ಆಯತವೃತ್ತ ಎಂದು ಕರೆದ, ಶಂಕುವಿನ ಗೋಜಿಗೆ ಹೋಗಲಿಲ್ಲ. 10 ಮೊಳ ಉದ್ದ, 6 ಮೊಳ ಅಗಲದ್ದಕ್ಕೆ ಅವನ ಸೂತ್ರದ ಸುತ್ತಳತೆ ಸುಮಾರು 24.8 ಮೊಳ; ನಿಜವಾದದ್ದು 25.5. ಕ್ಷೇತ್ರಫಲ ಮಾತ್ರ ಕೈಕೊಟ್ಟಿತು. 47 ಬರಬೇಕಾದಲ್ಲಿ 37 ಬರುತ್ತದೆ. ಹಾಗಿದ್ದರೂ ಒಂಬತ್ತನೇ ಶತಮಾನದಲ್ಲಿ ಆ ಆಕಾರದ ಮುಂದೆ ಕೂತು ತಲೆ ಕೆಡಿಸಿಕೊಂಡವನು ಅವನು. ನಮ್ಮ ತರಗತಿಯಲ್ಲಿ ಅವನ ಹೆಸರು ಬರಲಿಲ್ಲ.

ಅತಿಪರವಲಯ ನನಗೆ ಸಿಕ್ಕಿದ್ದು ಮನೆಯ ಪಡಸಾಲೆಯಲ್ಲಿ. ರಾಶಿಯನ್ನು ಗೋಡೆಗೆ ಒತ್ತಿ ಸುರಿದರೆ ಅರ್ಧ, ಒಳಮೂಲೆಯಲ್ಲಿ ಕಾಲು, ಹೊರಮೂಲೆಯಲ್ಲಿ ಮುಕ್ಕಾಲು ರಾಶಿ ಎಂದು ಲೀಲಾವತಿ ಹೇಳುತ್ತದೆ. ನಮ್ಮವರು ಸುರಿಯುವಾಗ ಗೋಡೆಯಿಂದ ಒಂದು ಮೊಳ ಈಚೆಗೇ ಸುರಿಯುತ್ತಿದ್ದರು. ಹಾಗೆ ಮಾಡಿದರೆ ಗೋಡೆಯೇ ಶಂಕುವನ್ನು ನೆಟ್ಟಗೆ ಕತ್ತರಿಸುವ ಸಮತಲ. ಕಡಲಿ ಚೀಲ ಸೇರಿದ ಮೇಲೆ ಸುಣ್ಣದ ಗೋಡೆಯ ಮೇಲೆ ಧೂಳಿನ ಗೆರೆ ಉಳಿಯುತ್ತಿತ್ತು: ನಡುವೆ ದುಂಡು ಬೆನ್ನು, ಎರಡೂ ಕಡೆ ಬರಬರುತ್ತ ನೇರ.

ಆ ನೇರವಾಗುವ ಬದಿಗಳ ಇಳಿಜಾರು ಯಾವುದು? ಅದೇ 32 ಡಿಗ್ರಿ. ಕಣದಲ್ಲಿ ಅಳೆದ ಕೋನವೇ ಗೋಡೆಯ ಮೇಲೆ ಅನಂತಸ್ಪರ್ಶಕವಾಗಿ ಕೂತಿತ್ತು. ಉತ್ಕೇಂದ್ರತೆ ತೆಗೆಯಲು ಹೋದರೆ ವರ್ಗಮೂಲದೊಳಗೆ 1 + ಕಾಟ್² ಬಂತು. ಹತ್ತನೇ ಇಯತ್ತೆಯಲ್ಲಿ ಯಾತಕ್ಕೆಂದು ಗೊತ್ತಿಲ್ಲದೆ ಉರು ಹೊಡೆದಿದ್ದ ಸೂತ್ರ, ಅದು ಕೊಸೆಕ್². ಅಂದರೆ ಉತ್ಕೇಂದ್ರತೆ ಕೊಸೆಕ್ 32, ಸುಮಾರು 1.88. ಗೋಡೆಯಿಂದ ಎಷ್ಟು ದೂರ ಸುರಿದರು ಎಂಬುದು ಲೆಕ್ಕದಲ್ಲಿ ಹೊಡೆದುಹೋಗುತ್ತದೆ. ಮೊಳ ಬಿಟ್ಟು ಸುರಿದರೂ ಮಾರು ಬಿಟ್ಟು ಸುರಿದರೂ ಕಡಲಿಗೆ ಅದೇ 1.88.

ಪೆನ್ಸಿಲ್ಲಿನಿಂದ ಗೆರೆಯನ್ನು ತಿದ್ದಿ, ಬಿಂದುಗಳನ್ನು ಆಲೇಖ ಹಾಳೆಗೆ ಇಳಿಸಿದೆ. ಮೇಲಿನ ಬೆನ್ನು, ಬದಿಗಳು ಚೆನ್ನಾಗಿ ಕೂತವು. ನೆಲದಿಂದ ನಾಲ್ಕು ಬೆರಳೆತ್ತರದವರೆಗೆ ಮಾತ್ರ ಗೆರೆ ಹೊರಚಾಚಿ ಅಡ್ಡಾದಿಡ್ಡಿ ಹೋಗಿತ್ತು. ಅದಕ್ಕೆ ಯಾವ ಸಮೀಕರಣ ಹಚ್ಚಬೇಕೆಂದು ನೋಡುತ್ತ ಕೂತಿದ್ದಾಗ ಕಾಕಾ ಬಂದು, ಅದು ಕೋಳಿ ಕೆದರಿದ್ದು ಎಂದರು.