ಕುಲುಕುವ ಗಾಳಿಯೇ ಮೇಲು

ವಿಮಾನ ಕುಲುಕಿದರೆ ನಮ್ಮೆಲ್ಲರ ಕೈ ತಾನಾಗಿಯೇ ಸೀಟಿನ ಹಿಡಿಗೆ ಹೋಗುತ್ತದೆ. ಆದರೆ ಉಸಿರಾಟದ ತೊಂದರೆಯಿರುವ ಅಮ್ಮ ಊರಿನಿಂದ ಬಂದು ಮುಂಬೈಯಲ್ಲಿ ನನ್ನ ಜೊತೆ ಇರತೊಡಗಿದ ಮೇಲೆ ಆ ಕುಲುಕಾಟದ ಬಗ್ಗೆ ನನಗೆ ಗೌರವ ಹುಟ್ಟಿದೆ. ನಾವು ಹೆದರಬೇಕಾದ್ದು ಅಲ್ಲಾಡದ ಗಾಳಿಗೆ.

ನಮ್ಮ ಮನೆ ಘಾಟ್‌ಕೋಪರ್‌ನಲ್ಲಿ. ಇಳಿಯುವ ವಿಮಾನಗಳು ಹೆಚ್ಚಾಗಿ ನಮ್ಮ ತಲೆಯ ಮೇಲಿಂದಲೇ ಪಶ್ಚಿಮಕ್ಕೆ ಮುಖಮಾಡಿ ಹೋಗುತ್ತವೆ. ಗಾಳಿಗೆ ಎದುರಾಗಿ ಇಳಿಯುವುದು ಅವುಗಳ ರೂಢಿ. ಇಲ್ಲಿ ಹಗಲಿನ ಗಾಳಿ ಕಡಲ ಕಡೆಯದು. ಗಂಗೊಳ್ಳಿಯ ಅಮ್ಮನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗಕ್ಕೆ ಪಡುಗಾಳಿ ಬರುತ್ತದೆ. ರಾತ್ರಿ ನೆಲ ಬೇಗ ತಣಿದು ಮೂಡುಗಾಳಿ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಒಂದನ್ನು ನಂಬಿ ಹೊರಟು, ಇನ್ನೊಂದನ್ನು ನಂಬಿ ಮರಳುತ್ತಿದ್ದರು.

ಕಷ್ಟವೆಲ್ಲ ಡಿಸೆಂಬರ್, ಜನವರಿಯಲ್ಲಿ. ರಾತ್ರಿ ತಣಿದ ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಪದರ, ಪಾತ್ರೆಗೆ ಮುಚ್ಚಳ ಇಟ್ಟಂತೆ. ಮೂಡುಗಾಳಿಯೂ ಮಂದ. ವಾಹನಗಳ ಹೊಗೆ, ಕಟ್ಟಡ ಕೆಲಸದ ಧೂಳು, ಸುಟ್ಟ ಕಸದ ಘಾಟು ಎಲ್ಲವೂ ಮುಚ್ಚಳದ ಕೆಳಗೆ. ಬೆಳಿಗ್ಗೆ ಅಮ್ಮ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಇನ್‌ಹೇಲರ್ ಹುಡುಕುತ್ತಾಳೆ. "ಗಾಳಿಯೇ ಇಲ್ಲ ಮಾರಾಯಾ" ಎನ್ನುತ್ತಾಳೆ. ಹವಾಮಾನ ವರದಿಯೂ ಇದನ್ನೇ ಹೇಳುತ್ತದೆ, ಇನ್ನಷ್ಟು ಉದ್ದವಾಗಿ.

ಬಿಸಿಲೇರಿದಂತೆ ಕಾದ ನೆಲದಿಂದ ಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ, ಸುಳಿಯುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಪೈಲಟ್ ಟರ್ಬ್ಯುಲೆನ್ಸ್ ಎಂದು ಎಚ್ಚರಿಸುವುದು ಇಂಥದ್ದನ್ನೇ. ಮುಚ್ಚಳ ಒಡೆಯುವುದೂ ಇದೇ. ಮಧ್ಯಾಹ್ನ ಪಡುಗಾಳಿಯೂ ಸೇರಿದರೆ ಅಮ್ಮನ ಉಸಿರು ಹಗುರ. ಹಾಗಾಗಿ ಚಳಿಗಾಲದಲ್ಲಿ ನಮ್ಮ ಮನೆಯ ಕಿಟಕಿಗಳು ತೆರೆಯುವುದು 1 ಗಂಟೆಯ ನಂತರ.

ಆದರೆ ಕಡಲಗಾಳಿ ಹೊಗೆಯನ್ನು ಅಳಿಸುವುದಿಲ್ಲ, ಹಂಚುತ್ತದೆ. ಪಶ್ಚಿಮದ ಉಪನಗರಗಳದ್ದು ನಮ್ಮತ್ತ, ನಮ್ಮದು ಠಾಣೆ ಖಾಡಿಯಾಚೆಗೆ. ರಾತ್ರಿಯ ಮೂಡುಗಾಳಿ ಒಂದಿಷ್ಟನ್ನು ವಾಪಸು ತರುತ್ತದೆ. ಕಿಟಕಿ ಮುಚ್ಚುವ ಅನುಕೂಲ ಇರುವುದೂ ಒಳಗಿರುವವರಿಗೆ ಮಾತ್ರ. ಎದುರಿನ ಕಟ್ಟಡದಲ್ಲಿ ಬೆಳಿಗ್ಗೆಯೇ ಸಿಮೆಂಟು ಕಲಸುವವರು, ಗೇಟಿನ ವಾಚ್‌ಮನ್ ಮಧ್ಯಾಹ್ನದವರೆಗೆ ಉಸಿರು ಬಿಗಿಹಿಡಿದು ಇರಲಾರರು. ಗಾಳಿ ಹೇಗೂ ಬೀಸುತ್ತದೆಂಬ ಭರವಸೆಯಲ್ಲಿ ಊರು ಹೊಗೆಯುಗುಳುತ್ತಲೇ ಇದೆ. ಗಾಳಿ ರಜೆ ಹಾಕಿದ ದಿನ ಅದರ ಲೆಕ್ಕ ಬೀಳುವುದು ಇಂಥವರ ಎದೆಯಲ್ಲಿ.